ಚಳಿಜ್ವರ ಮಿದುಳಿಗೇರುವ ಬಗೆ

ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವ ಕೆಲಸದ ನಡುವೆ ಯಾರಿಗಾದರೂ ಚಳಿಜ್ವರ ಬಂದರೆ "ಎರಡು ದಿನ ನೋಡುವ" ಎನ್ನುವುದು ನಮ್ಮಲ್ಲಿ ರೂಢಿ. ಮೂರನೆಯ ದಿನ ರೋಗಿ ಏನೇನೋ ಬಡಬಡಿಸತೊಡಗಿದರೆ "ಗಾಳಿ ಸೋಕಿದೆ" ಎನ್ನುವವರೂ ಇದ್ದಾರೆ. ಅದು ಮಿದುಳಿನ ಮಲೇರಿಯಾ ಇರಬಹುದು. ಆಗ ಒಂದೊಂದು ಗಂಟೆ ತಡವಾದಷ್ಟೂ ಪ್ರಾಣಾಪಾಯ ಹೆಚ್ಚು.

ಮಲೇರಿಯಾ ರೋಗಾಣುಗಳಲ್ಲಿ ಹಲವು ಜಾತಿಗಳಿವೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ಸೇರಿದ ನಮ್ಮ ಕರಾವಳಿಯಲ್ಲಿ ಹೆಚ್ಚಾಗಿ ಕಂಡುಬಂದಿರುವುದು ವೈವಾಕ್ಸ್. ಮಿದುಳಿಗೆ ಅಪಾಯ ತರುವುದು ಮುಖ್ಯವಾಗಿ ಫಾಲ್ಸಿಪಾರಂ. ಒಡಿಶಾ, ಝಾರ್ಖಂಡ್, ಛತ್ತೀಸಗಢದ ಕಾಡುಸೀಮೆಗಳಲ್ಲಿ ಇದು ಹೆಚ್ಚು. ಆ ಕಡೆಯಿಂದ ತೋಟದ ಕೆಲಸಕ್ಕೆ ಬಂದವರಿಗಾಗಲಿ, ಅಲ್ಲಿಗೆ ಹೋಗಿಬಂದ ನಮ್ಮವರಿಗಾಗಲಿ ಜ್ವರ ಬಂದರೆ ತಡಮಾಡದೆ ರಕ್ತ ಪರೀಕ್ಷೆ ಮಾಡಿಸತಕ್ಕದ್ದು.

ಸೊಳ್ಳೆ ಕಚ್ಚಿದಾಗ ಒಳಹೊಕ್ಕ ರೋಗಾಣು ಮೊದಲು ಪಿತ್ತಜನಕಾಂಗದಲ್ಲಿ ಬೆಳೆದು, ಬಳಿಕ ರಕ್ತದ ಕೆಂಪುಕಣಗಳನ್ನು ಸೇರುತ್ತದೆ. ಫಾಲ್ಸಿಪಾರಂ ಹೊಕ್ಕ ಕಣದ ಮೇಲ್ಮೈಯಲ್ಲಿ ಸೂಕ್ಷ್ಮ ಗಂಟುಗಳು ಮೂಡಿ, ಅದು ರಕ್ತನಾಳದ ಒಳಗೋಡೆಗೆ ಅಂಟಿಕೊಳ್ಳುತ್ತದೆ. ರಕ್ತದೊಡನೆ ಹರಿದರೆ ಗುಲ್ಮವು ಅಂಥ ಕಣವನ್ನು ಸೋಸಿ ನಾಶಮಾಡೀತು. ಅಂಟಿ ಕುಳಿತರೆ ರೋಗಾಣು ಪಾರಾಗುತ್ತದೆ. ಹನಿ ನೀರಾವರಿಯ ಕೊಳವೆಯಲ್ಲಿ ಪಾಚಿ ಕಟ್ಟಿದರೆ ಗಿಡದ ಬುಡಕ್ಕೆ ನೀರು ತಲುಪದಷ್ಟೆ? ಮಿದುಳಿನ ಅತಿ ಸಪೂರ ನಾಳಗಳಲ್ಲಿಯೂ ಹೀಗೆಯೇ ರಕ್ತದ ಹರಿವು ಕಟ್ಟುತ್ತದೆ. ನಾಳದ ಗೋಡೆಯಿಂದ ನೀರು ಒಸರಿ ಮಿದುಳು ಬಾಯುತ್ತದೆ. ತಲೆಬುರುಡೆ ಹಿಗ್ಗದು, ಒಳಗಿನ ಒತ್ತಡ ಏರಿ ಉಸಿರಾಟವೇ ನಿಲ್ಲಬಹುದು. 2015ರಲ್ಲಿ ಪ್ರಕಟವಾದ ಆಫ್ರಿಕದ ಮಲಾವಿ ದೇಶದ ಅಧ್ಯಯನವೊಂದರಲ್ಲಿ, ತೀರಿಕೊಂಡ 25 ಮಕ್ಕಳ ಪೈಕಿ 21 ಮಕ್ಕಳ ಮಿದುಳು ತೀವ್ರವಾಗಿ ಬಾತಿತ್ತು.

ಅಸಂಬದ್ಧ ಮಾತು, ಕರೆದರೆ ಓಗೊಡದಿರುವುದು, ಅಪಸ್ಮಾರದಂಥ ಸೆಳೆತ, ಎಚ್ಚರ ತಪ್ಪುವುದು ಇದರ ಲಕ್ಷಣಗಳು. ಎಚ್ಚರವಿಲ್ಲದವರ ಬಾಯಿಗೆ ನೀರು, ಮಾತ್ರೆ, ಕಷಾಯ ಏನನ್ನೂ ಹಾಕಬಾರದು. ಮಗ್ಗುಲಾಗಿ ಮಲಗಿಸಿ, 108 ವಾಹನ ಕರೆಸಿ, ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು. ಅಲ್ಲಿ ಆರ್ಟಿಸುನೇಟ್ ಚುಚ್ಚುಮದ್ದು ಕೊಡುತ್ತಾರೆ. ಭಾರತವೂ ಸೇರಿ ನಾಲ್ಕು ದೇಶಗಳಲ್ಲಿ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತೀವ್ರ ಮಲೇರಿಯಾಕ್ಕೆ ಕ್ವಿನೈನ್ ಪಡೆದವರಲ್ಲಿ ನೂರಕ್ಕೆ 22 ಮಂದಿಯೂ, ಆರ್ಟಿಸುನೇಟ್ ಪಡೆದವರಲ್ಲಿ 15 ಮಂದಿಯೂ ತೀರಿಕೊಂಡರು. ಅಂದರೆ ಒಳ್ಳೆಯ ಮದ್ದು ಕೊಟ್ಟರೂ, ರೋಗ ಈ ಹಂತ ಮುಟ್ಟಿದ ಮೇಲೆ ಎಲ್ಲರೂ ಉಳಿಯುವುದಿಲ್ಲ.

ಆದುದರಿಂದ ಜ್ವರ ಬಂದ ದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿರಿ, ಅದಕ್ಕೆ ಖರ್ಚಿಲ್ಲ. ಜ್ವರದ ಮಾತ್ರೆ ಮೈಬಿಸಿ ಇಳಿಸೀತೇ ಹೊರತು ರೋಗಾಣುವನ್ನು ಕೊಲ್ಲದು. ಮಲೇರಿಯಾ ಎಂದಾದರೆ ಕೊಟ್ಟ ಮಾತ್ರೆಗಳನ್ನು ಕೊನೆಯವರೆಗೂ ನುಂಗಿರಿ. ಆಳುಗಳಿಗೂ ಅಂದಿನ ಕೆಲಸದಿಂದ ಬಿಡುವು ಕೊಟ್ಟು ಕಳುಹಿಸಿರಿ. ಕೊಳೆರೋಗಕ್ಕೆ ಕಾಯಿ ಉದುರಿದ ಮೇಲೆ ಮದ್ದು ಬಿಟ್ಟು ಫಲವಿಲ್ಲವೆಂಬುದು ಬೆಳೆಗಾರರಾದ ನಮಗೆ ಗೊತ್ತಿದ್ದದ್ದೇ.