ಬೀಳುವ ಇಟ್ಟಿಗೆಗಳ ಆಟವೂ ಹತ್ತು ಡಾಲರಿನ ಋಣವೂ

1991ರಲ್ಲಿ ನಾನು ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಓದುತ್ತಿದ್ದಾಗ, ಸೀನಿಯರ್ ಒಬ್ಬರು ಕೊಟ್ಟ ಐದೂಕಾಲು ಇಂಚಿನ ಫ್ಲಾಪಿಯಲ್ಲಿ ಒಂದು ಆಟ ಬಂತು. ಪರದೆಯ ಮೇಲಿನಿಂದ ಇಟ್ಟಿಗೆಗಳು ಒಂದೊಂದಾಗಿ ಬೀಳುತ್ತವೆ. ಅವನ್ನು ತಿರುಗಿಸಿ, ಸರಿಸಿ, ಸಂದಿಲ್ಲದಂತೆ ಜೋಡಿಸಬೇಕು. ಲ್ಯಾಬಿನ ಅಟೆಂಡರ್ ಬಂದು ಸ್ವಿಚ್ ಆರಿಸುವವರೆಗೂ ಆಡುತ್ತಿದ್ದೆವು. ಪ್ರತಿ ಬಾರಿ ಆಟ ಶುರುವಾಗುವ ಮೊದಲು ಒಂದು ಸೂಚನೆ ಕಾಣಿಸುತ್ತಿತ್ತು: ಆಟ ಇಷ್ಟವಾದರೆ ಹತ್ತು ಡಾಲರ್ ಕಳಿಸಿ, ಗೆಳೆಯರಿಗೂ ಪ್ರತಿ ಮಾಡಿಕೊಡಿ. ಕೆಳಗೆ ಅಮೆರಿಕದ ಒಂದು ಅಂಚೆ ವಿಳಾಸ. ಎರಡನೆಯ ಮಾತನ್ನು ನಾವು ನಿಷ್ಠೆಯಿಂದ ಪಾಲಿಸಿದೆವು. ಮೊದಲನೆಯದನ್ನು ಒಬ್ಬರೂ ಪಾಲಿಸಲಿಲ್ಲ.

ಇತ್ತೀಚೆಗೆ ಈ ಕಥೆ ಹೇಳಿದಾಗ ಮಗಳು ಕೇಳಿದಳು: “ದುಡ್ಡು ಕೊಡದೇನೇ ಆಡಬಹುದಿತ್ತು ಅಂದ್ಮೇಲೆ ಯಾರಾದ್ರೂ ಯಾಕಪ್ಪ ಕೊಡ್ತಿದ್ರು?” ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನವೇ ಈ ಲೇಖನ.

ಆಟದ ಹುಟ್ಟು

ಇಂತಹ ಆಟಗಳಿಗೆಲ್ಲ ಮೂಲ ಟೆಟ್ರಿಸ್. 1984ರಲ್ಲಿ ಮಾಸ್ಕೋದ ಸೋವಿಯತ್ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿದ್ದ ಅಲೆಕ್ಸಿ ಪಜಿತ್ನೋವ್ ಅದನ್ನು ರಚಿಸಿದರು. ಐದೈದು ಚೌಕಗಳ ತುಂಡುಗಳನ್ನು ಪೆಟ್ಟಿಗೆಯಲ್ಲಿ ಜೋಡಿಸುವ ಪೆಂಟೋಮಿನೊ ಎಂಬ ಒಗಟು ಅವರಿಗೆ ಪ್ರಿಯವಾಗಿತ್ತು. ಅದರಲ್ಲಿ ಹನ್ನೆರಡು ಆಕಾರಗಳು. ಬೀಳುವ ವೇಗದಲ್ಲಿ ಅಷ್ಟನ್ನು ನಿಭಾಯಿಸುವುದು ಕಷ್ಟ. ಚೌಕಗಳನ್ನು ನಾಲ್ಕಕ್ಕೆ ಇಳಿಸಿದಾಗ ಏಳು ಆಕಾರಗಳು ಉಳಿದವು. ಅವರ ಬಳಿಯಿದ್ದ ಎಲೆಕ್ಟ್ರಾನಿಕಾ 60 ಯಂತ್ರಕ್ಕೆ ಚಿತ್ರ ಬಿಡಿಸಲು ಬರುತ್ತಿರಲಿಲ್ಲ. ಆವರಣ ಚಿಹ್ನೆಗಳನ್ನೇ ಇಟ್ಟಿಗೆಗಳಾಗಿ ಬಳಸಿದರು. ನಾಲ್ಕು ಎಂಬರ್ಥದ ಗ್ರೀಕ್ ‘ಟೆಟ್ರಾ’ಕ್ಕೆ ತಮ್ಮ ಮೆಚ್ಚಿನ ಟೆನಿಸ್ ಸೇರಿಸಿ ಹೆಸರಿಟ್ಟರು. ಹದಿಹರೆಯದ ವಿದ್ಯಾರ್ಥಿ ವಾದಿಮ್ ಗೆರಾಸಿಮೋವ್ ಅದನ್ನು ಐಬಿಎಂ ಪಿಸಿಗೆ ತಂದ ಮೇಲೆ ಆಟ ಫ್ಲಾಪಿಯಿಂದ ಫ್ಲಾಪಿಗೆ ಹರಡಿತು. ಹಕ್ಕುಗಳು ಸರ್ಕಾರದ ಕೈಯಲ್ಲಿದ್ದುದರಿಂದ ಪಜಿತ್ನೋವ್ ಅವರಿಗೆ ರಾಯಧನ ಸಿಗತೊಡಗಿದ್ದು 1996ರಲ್ಲಿ.

ಅಷ್ಟರಲ್ಲಿ ಇದರ ಅನುಕರಣೆಗಳು ಹತ್ತಾರು ಬಂದಿದ್ದವು. ನಮ್ಮ ಫ್ಲಾಪಿಯಲ್ಲಿದ್ದದ್ದೂ ಅಂತಹದೇ ಒಂದು.

ಆಡುವ ಬಗೆ

ಸಾಮಾನ್ಯವಾಗಿ ಅಂಕಣದ ಅಗಲ 10 ಮನೆ, ಎತ್ತರ 20 ಮನೆ. ಒಂದು ಸಾಲು ಪೂರ್ತಿ ತುಂಬಿದರೆ ಅದು ಮಾಯವಾಗಿ ಮೇಲಿನದೆಲ್ಲ ಕೆಳಗಿಳಿಯುತ್ತದೆ. ಇಟ್ಟಿಗೆಗಳ ರಾಶಿ ಮೇಲಿನ ಅಂಚು ಮುಟ್ಟಿದರೆ ಆಟ ಮುಗಿಯಿತು.

ಹೊಸಬರಿಗೆ ಮೂರು ಸಲಹೆಗಳು. ಮೊದಲನೆಯದು, ಮೇಲ್ಮೈಯನ್ನು ಆದಷ್ಟು ಸಮತಟ್ಟಾಗಿ ಇಡಿ. ಅಡಿಯಲ್ಲಿ ಒಂದು ತೂತು ಮುಚ್ಚಿಹೋದರೆ, ಅದರ ಮೇಲಿನ ಸಾಲುಗಳನ್ನು ಬಿಡಿಸುವ ತನಕ ಆ ಸಾಲು ತುಂಬುವುದಿಲ್ಲ. ಎರಡನೆಯದು, ಅಂಚಿನ ಒಂದು ಕಂಬಸಾಲನ್ನು ಖಾಲಿ ಬಿಟ್ಟು ಉದ್ದನೆಯ ತುಂಡಿಗಾಗಿ ಕಾಯಿರಿ. ನಿಂಟೆಂಡೊದ ಎನ್‌ಇಎಸ್ ಆವೃತ್ತಿಯ ಆರಂಭದ ಹಂತದಲ್ಲಿ ಒಂದು ಸಾಲಿಗೆ 40 ಅಂಕ, ಒಟ್ಟಿಗೆ ನಾಲ್ಕು ಸಾಲಿಗೆ 1200. ಬಿಡಿಬಿಡಿಯಾಗಿ ನಾಲ್ಕು ಸಾಲು ತೆಗೆದರೆ ಸಿಗುವುದು ಬರೀ 160. ಮೂರನೆಯದು, ಯೋಚಿಸುತ್ತಾ ಕೂರದೆ ತುಂಡನ್ನು ತಿರುಗಿಸಿಯೇ ನೋಡಿ. ಡೇವಿಡ್ ಕರ್ಶ್ ಮತ್ತು ಪಾಲ್ ಮ್ಯಾಗ್ಲಿಯೊ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡುಕೊಂಡದ್ದು ಇದನ್ನೇ: ಆಕಾರವನ್ನು ಮನಸ್ಸಿನಲ್ಲಿ ತಿರುಗಿಸುವುದಕ್ಕಿಂತ ಕೀಲಿಯೊತ್ತಿ ತಿರುಗಿಸುವುದು ಬೇಗ ಆಗುತ್ತದೆ. ಕೈಯೂ ಯೋಚನೆಯ ಒಂದು ಭಾಗವೇ.

ಎಷ್ಟೇ ಜಾಣರಾದರೂ ಕೊನೆಯಿಲ್ಲದೆ ಆಡಲು ಸಾಧ್ಯವಿಲ್ಲ. ಎಸ್ ಮತ್ತು ಝಡ್ ಆಕಾರದ ತುಂಡುಗಳೇ ಒಂದಾದ ಮೇಲೊಂದು ಸರದಿಯಲ್ಲಿ ಬರುತ್ತಿದ್ದರೆ ಆಟಗಾರ ಸೋಲಲೇಬೇಕು ಎಂದು ಗಣಿತಜ್ಞೆ ಹೈಡಿ ಬರ್ಗಿಯೆಲ್ 1997ರಲ್ಲಿ ಸಾಧಿಸಿ ತೋರಿಸಿದರು.

ಮಕ್ಕಳೊಂದಿಗೆ ಮಾಡಬಹುದಾದ ಒಂದು ಲೆಕ್ಕವೂ ಇದೆ. ಏಳು ಆಕಾರಗಳನ್ನು ಒಂದೊಂದರಂತೆ ರಟ್ಟಿನಲ್ಲಿ ಕತ್ತರಿಸಿ. ಒಟ್ಟು 28 ಚೌಕ. 4×7 ಆಯತಕ್ಕೂ 28 ಚೌಕ. ಆದರೂ ಎಷ್ಟು ಹೆಣಗಿದರೂ ತುಂಬುವುದಿಲ್ಲ! ಆಯತಕ್ಕೆ ಚದುರಂಗದ ಮಣೆಯಂತೆ ಕಪ್ಪು ಬಿಳುಪು ಬಣ್ಣ ಹಚ್ಚಿ ನೋಡಿ: 14 ಕಪ್ಪು, 14 ಬಿಳಿ. ಆರು ಆಕಾರಗಳು ಎಲ್ಲಿಟ್ಟರೂ ಎರಡು ಕಪ್ಪು, ಎರಡು ಬಿಳಿ ಮುಚ್ಚುತ್ತವೆ. ಟಿ ಆಕಾರ ಮಾತ್ರ ಒಂದು ಬಣ್ಣದ ಮೂರು, ಇನ್ನೊಂದರ ಒಂದು ಮುಚ್ಚುತ್ತದೆ. ಹಾಗಾಗಿ ಲೆಕ್ಕ 15ಕ್ಕೆ 13 ಆಗುತ್ತದೆ, ಎಂದೂ ಸರಿಹೋಗದು.

ಶೇರ್‌ವೇರ್ ಎಂಬ ನಂಬಿಕೆ

ಇನ್ನು ಆ ಹತ್ತು ಡಾಲರಿನ ವಿಷಯ. 1982ರಲ್ಲಿ ಅಮೆರಿಕದಲ್ಲಿ ಇಬ್ಬರು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಒಂದೇ ದಾರಿ ಹಿಡಿದರು. ಐಬಿಎಂ ಉದ್ಯೋಗಿಯಾಗಿದ್ದ ಜಿಮ್ ನಾಫ್ ತಮ್ಮ ಚರ್ಚಿನ ವಿಳಾಸಪಟ್ಟಿಗಾಗಿ ಬರೆದ ತಂತ್ರಾಂಶ ಮುಂದೆ ಪಿಸಿ-ಫೈಲ್ ಆಯಿತು. ಕೇಳಿದವರಿಗೆಲ್ಲ ಪ್ರತಿ ಕೊಡುತ್ತಾ ಹೋದಾಗ, ಸುಧಾರಿಸಿದ ಆವೃತ್ತಿಗಳನ್ನು ಅಂಚೆಯಲ್ಲಿ ಕಳಿಸುವ ಖರ್ಚೇ ಭಾರವಾಯಿತು. ಉಪಯೋಗವಾಗಿದ್ದರೆ ಹತ್ತು ಡಾಲರ್ ಕಳಿಸಿ ಎಂದು ತಂತ್ರಾಂಶದೊಳಗೇ ಬರೆದರು. ಕ್ಯಾಲಿಫೋರ್ನಿಯಾದ ಆಂಡ್ರ್ಯೂ ಫ್ಲೂಗಲ್‌ಮನ್ ಪಿಸಿ-ಟಾಕ್ ತಂತ್ರಾಂಶದಲ್ಲಿ ಇದೇ ರೀತಿ ಮಾಡಿದರು. ಇದಕ್ಕೆ ‘ಶೇರ್‌ವೇರ್’ ಎಂಬ ಹೆಸರು ನಿಂತದ್ದು ಪಿಸಿ-ರೈಟ್ ರಚಿಸಿದ ಬಾಬ್ ವಾಲೆಸ್ ಅವರಿಂದ. ಇದು ಪುಕ್ಕಟೆ ತಂತ್ರಾಂಶವಲ್ಲ. ಮೊದಲು ಬಳಸಿ ನೋಡು, ಬೇಕೆನಿಸಿದರೆ ಹಣ ಕೊಡು ಎಂಬ ಒಪ್ಪಂದ. ಹಂಚುವ ಕೆಲಸ ಬಳಸುವವರದೇ ಆದ್ದರಿಂದ, ಅಂಗಡಿಯೂ ಜಾಹೀರಾತೂ ಇಲ್ಲದೆ ಮನೆಯಲ್ಲಿ ಕೂತು ಬರೆದ ಆಟ ನಮ್ಮ ಬೆಂಗಳೂರಿನ ಲ್ಯಾಬನ್ನು ತಲುಪಿತು.

ನೋಂದಣಿ ಹೇಗೆ?

ಡಿಸ್ಕಿನಲ್ಲಿ ಒಂದು ನಮೂನೆಯ ಕಡತ ಇರುತ್ತಿತ್ತು. ಅದನ್ನು ಮುದ್ರಿಸಿ, ಹೆಸರು ವಿಳಾಸ ತುಂಬಿ, ಚೆಕ್ ಜೊತೆ ಅಂಚೆಗೆ ಹಾಕಬೇಕು. ಕೆಲವು ವಾರಗಳ ಮೇಲೆ ಹೊಸ ಡಿಸ್ಕೋ ಒಂದು ಸಂಕೇತ ಸಂಖ್ಯೆಯೋ ಬರುತ್ತಿತ್ತು. ಸಂಖ್ಯೆಯ ಗುಟ್ಟು ಸರಳ. ನಿಮ್ಮ ಹೆಸರಿನ ಅಕ್ಷರಗಳಿಗೆ ಕಂಪ್ಯೂಟರಿನಲ್ಲಿ ಒಂದೊಂದು ಅಂಕಿಯಿದೆ. ಅವನ್ನು ಕರ್ತೃ ತನ್ನದೇ ಸೂತ್ರದಂತೆ ಕೂಡಿ ಗುಣಿಸಿ ಒಂದು ಸಂಖ್ಯೆ ತೆಗೆಯುತ್ತಾನೆ. ನೀವು ಹೆಸರು, ಸಂಖ್ಯೆ ಎರಡನ್ನೂ ಒತ್ತಿದಾಗ ಆಟವೂ ಅದೇ ಲೆಕ್ಕ ಮಾಡಿ ತಾಳೆ ನೋಡುತ್ತದೆ. ಸರಿಯಿದ್ದರೆ ಜ್ಞಾಪನೆಯ ಪರದೆ ಮಾಯವಾಗಿ, “ಇಂಥವರ ಹೆಸರಿನಲ್ಲಿ ನೋಂದಾಯಿಸಲಾಗಿದೆ” ಎಂದು ಕಾಣುತ್ತದೆ. ಇದಕ್ಕೆ ಅಂತರ್ಜಾಲ ಬೇಕಿರಲಿಲ್ಲ. ಆದರೆ ಸೂತ್ರ ಆಟದೊಳಗೇ ಇದ್ದುದರಿಂದ ತಿಳಿದವರು ಅದನ್ನು ಬಿಡಿಸಬಹುದಿತ್ತು. ಗೆಳೆಯನ ಹೆಸರು, ಸಂಖ್ಯೆಗಳನ್ನೇ ಬಳಸಲೂಬಹುದಿತ್ತು. ಕಳ್ಳನನ್ನು ತಡೆಯುವಷ್ಟು ಗಟ್ಟಿ ಬೀಗ ಅದಲ್ಲ. ಪ್ರಾಮಾಣಿಕನಿಗೆ ನೆನಪು ಮಾಡುವ ಬೀಗ.

ಉಳಿದ ಬಾಕಿ

1991ರಲ್ಲಿ ಭಾರತದಲ್ಲಿ ವಿದೇಶಿ ವಿನಿಮಯದ ಬಿಕ್ಕಟ್ಟಿತ್ತು. ದೇಶವೇ ಚಿನ್ನ ಅಡವಿಡುತ್ತಿದ್ದ ಕಾಲ. ವಿದ್ಯಾರ್ಥಿಯೊಬ್ಬ ಒಂದು ಆಟಕ್ಕಾಗಿ ಹತ್ತು ಡಾಲರ್ ಕಳಿಸುವುದು ಸುಲಭವಿರಲಿಲ್ಲ ಎಂಬುದು ನಿಜ. ಆದರೆ 1995ರಲ್ಲಿ ಇಲ್ಲಿಗೆ ಬಂದ ಮೇಲೆ ಆ ನೆಪ ಉಳಿಯಲಿಲ್ಲ. ಕೈಯಲ್ಲಿ ಚೆಕ್‌ಬುಕ್ ಇತ್ತು, ಅಂಚೆಪೆಟ್ಟಿಗೆ ಮನೆಯೆದುರಿಗೇ ಇತ್ತು. ಆದರೂ ಮೂರು ವರ್ಷ ತಳ್ಳಿದೆ. 1998ರಲ್ಲಿ ಕೊನೆಗೂ ಚೆಕ್ ಬರೆದು ಕಳಿಸಿದೆ. ಎರಡು ವಾರದಲ್ಲಿ ಲಕೋಟೆ ತೆರೆಯದೆಯೇ ಹಿಂದಿರುಗಿತು. ಆ ವಿಳಾಸದಲ್ಲಿ ಆ ಹೆಸರಿನವರಿಲ್ಲ ಎಂಬ ಮುದ್ರೆ. ಆ ಮನುಷ್ಯನನ್ನು ಮತ್ತೆ ಹುಡುಕಲು ನನಗೆ ಆಗಲಿಲ್ಲ. ಲಕೋಟೆ ಇಂದಿಗೂ ನನ್ನ ಮೇಜಿನ ಡ್ರಾಯರಿನಲ್ಲಿದೆ.

ಅದೇ 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಬಂತು. ವರ್ಷಗಳ ಕಾಲ ಅದನ್ನು ಉಚಿತವಾಗಿ ಇಳಿಸಿಕೊಂಡು ನಾವು ಹೊರನಾಡ ಕನ್ನಡಿಗರು ಕಾಗದ ಬರೆದೆವು, ಆಮಂತ್ರಣ ಮುದ್ರಿಸಿದೆವು, ಸ್ಮರಣ ಸಂಚಿಕೆಗಳನ್ನು ಹೊರತಂದೆವು. ಅದನ್ನು ಬಳಸಿದ ನಮ್ಮಲ್ಲಿ ಎಷ್ಟು ಮಂದಿ ಒಂದು ಸಾಲಿನ ಕೃತಜ್ಞತೆಯ ಪತ್ರವನ್ನಾದರೂ ಬರೆದೆವು?

ಮಗಳ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರ ಇಷ್ಟೇ. ಕೊಟ್ಟವರು ಹೆದರಿ ಕೊಡಲಿಲ್ಲ. ಇದನ್ನು ಯಾರೋ ಒಬ್ಬರು ರಾತ್ರಿ ನಿದ್ದೆಗೆಟ್ಟು ಮಾಡಿದ್ದಾರೆ ಎಂದು ನೆನೆದು ಕೊಟ್ಟರು. ಈಗ ನಮ್ಮ ಮನೆಯಲ್ಲಿ ಒಂದು ರೂಢಿ ಮಾಡಿಕೊಂಡಿದ್ದೇವೆ. ಪ್ರತಿ ಯುಗಾದಿಗೆ, ವರ್ಷವಿಡೀ ಪುಕ್ಕಟೆಯಾಗಿ ಬಳಸಿದ ತಂತ್ರಾಂಶವೊಂದನ್ನು ಮಗಳೇ ಆರಿಸಿ, ಅದರ ಕರ್ತೃವಿಗೆ ಹತ್ತು ಡಾಲರ್ ಕಳಿಸುತ್ತಾಳೆ. ವಿಳಾಸ ಬದಲಾಗುವ ಮೊದಲೇ.