ಲೈನು ಎಂಬ ಒಂದು ಮಾತು

ಇಂಗ್ಲಿಷಿನ ‘ಲೈನ್’ ಎಂಬ ಪದದ ಮೂಲ ಲ್ಯಾಟಿನ್ ಭಾಷೆಯದು. ಅಗಸೆಯ ನಾರಿನಿಂದ ಹೊಸೆದ ದಾರವೆಂಬುದು ಅಲ್ಲಿ ಅದರ ಮೊದಲ ಅರ್ಥ. ದಾರವನ್ನು ಬಿಗಿಹಿಡಿದರೆ ನೇರವಾದ ಗೆರೆಯಾಗುವುದು. ಗೆರೆಯುದ್ದಕ್ಕೂ ಇಟ್ಟದ್ದು ಸಾಲಾಗುವುದು. ಉಳಿದ ಅರ್ಥಗಳು ಇದರಿಂದಲೇ ಕವಲೊಡೆದುವು.

ಇವನ್ನು ಕಾಣಲು ನಾವು ನಿಘಂಟನ್ನು ತೆರೆಯಬೇಕಾದುದಿಲ್ಲ. ಕಡೂರು ಸೀಮೆಗೆ ಹೋದರೆ ಸಾಕು. ಲಕ್ಷ್ಮೀಶ ಕವಿಯ ಊರೆಂದು ಹೆಸರಾದ ದೇವನೂರು ಇಲ್ಲಿಯೇ ಉಂಟು. ಆತನ ಜೈಮಿನಿ ಭಾರತದ ವಾರ್ಧಕ ಷಟ್ಪದಿಗೆ ಆರು ಲೈನುಗಳೆಂದರೆ ಪದ್ಯದ ಪಾದಗಳು. ಕಡೂರಿನಿಂದ ಚಿಕ್ಕಮಗಳೂರಿಗೆ 2013ರಲ್ಲಿ ಲೈನು ಬಂದಿತೆಂದರೆ ರೈಲುಹಾದಿ. ಮಳೆಗಾಳಿಗೆ ಲೈನು ಕಡಿಯಿತೆಂದರೆ ವಿದ್ಯುತ್ತಿನ ತಂತಿ. ಈ ಮೂರಕ್ಕೂ ಒಂದೇ ಕನ್ನಡ ಪದವನ್ನು ಹೊಂದಿಸಹೊರಟವನು ನಗೆಗೀಡಾಗುವನು.

ಇನ್ನು ಇದೇ ಜಿಲ್ಲೆಯ ಮಲೆನಾಡಿನ ಕಾಫಿ ತೋಟಗಳಲ್ಲಿ ಲೈನೆಂದರೆ, ಗೋಡೆಗೆ ಗೋಡೆ ಸೇರಿದ ಕೂಲಿಗಾರರ ಮನೆಗಳು. ‘ಲೈನಿನವರು’ ಎಂದೊಡನೆ ಆ ಮನೆಯವರ ಹೆಸರೂ ಊರೂ ಮರೆಯಾಗುತ್ತವೆ. ಇಲ್ಲಿ ‘ಸಾಲು’ ಎಂಬ ಅನುವಾದ ತಪ್ಪಲ್ಲ, ಆದರೆ ಸಾಲದು. ಪದಕ್ಕೆ ಅರ್ಥವನ್ನು ಕೊಡುವುದು ಬಳಕೆ. ಆ ಬಳಕೆಯನ್ನು ಅರಿಯಬೇಕಾದರೆ, ಪದವು ಯಾರನ್ನು ಹೆಸರಿಸುವುದೋ ಅವರ ಬಾಳನ್ನೂ ನಾವು ಅರಿಯಬೇಕು.