ಓಟದಲ್ಲಿ ಗಟ್ಟಿ, ನಿಧಾನದಲ್ಲಿ ನಡುಕ: ದೋಣಿಯ ಔಟ್‌ಬೋರ್ಡ್ ಎಂಜಿನ್

ನದಿ ಕಡಲನ್ನು ಸೇರುವ ಅಳಿವೆಯ ಬಾಯಿಯಲ್ಲಿ ಸಾಮಾನ್ಯವಾಗಿ ಒಂದು ಮರಳಿನ ದಿಬ್ಬವಿರುತ್ತದೆ. ಮಳೆಗಾಲದಲ್ಲಿ ಅದರ ಮೇಲೆ ಅಲೆಗಳು ಎದ್ದು ಒಡೆಯುತ್ತವೆ. ಗಂಗೊಳ್ಳಿಯಂಥ ಊರಿನ ನಾಡದೋಣಿ ಕಡಲಿನಿಂದ ಮರಳುವಾಗ ಈ ಜಾಗದಲ್ಲಿ ಕಣ್ಣುಮುಚ್ಚಿ ನುಗ್ಗುವುದಿಲ್ಲ. ಎಂಜಿನ್ನಿನ ವೇಗ ತಗ್ಗಿಸಿ, ದೊಡ್ಡ ಅಲೆಗಳು ದಾಟಿಹೋಗುವವರೆಗೆ ಕಾದು, ಬಳಿಕ ಒಮ್ಮೆಲೇ ವೇಗ ಕೊಟ್ಟು ಒಳಗೆ ಬರುತ್ತದೆ. ಆ ಕಾಯುವ ಅರ್ಧ ನಿಮಿಷದಲ್ಲಿ ಎಂಜಿನ್ ಆರಿಹೋದರೆ ದೋಣಿ ಅಲೆಗೆ ಅಡ್ಡಲಾಗಿ ತಿರುಗುತ್ತದೆ. ಅಡ್ಡ ತಿರುಗಿದ ದೋಣಿಯನ್ನು ಮಗುಚಲು ಒಂದು ಅಲೆ ಸಾಕು.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. 10 ಅಶ್ವಶಕ್ತಿಯವರೆಗಿನ ಔಟ್‌ಬೋರ್ಡ್ ಎಂಜಿನ್ ಕಟ್ಟಿಕೊಂಡ ನಾಡದೋಣಿಗಳಿಗೆ ಈ ನಿಷೇಧವಿಲ್ಲ. ಅಂದರೆ ಕಡಲು ಅತ್ಯಂತ ಒರಟಾಗಿರುವ ದಿನಗಳಲ್ಲಿ ನೀರಿಗಿಳಿಯುವುದು ಅತ್ಯಂತ ಚಿಕ್ಕ ದೋಣಿಗಳೇ. ಆದುದರಿಂದ ‘ಓಡುವಾಗ ಸರಿಯಾಗಿದೆ, ಸ್ಲೋ ಮಾತ್ರ ನಿಲ್ಲುತ್ತಿಲ್ಲ’ ಎಂಬ ದೂರನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಔಟ್‌ಬೋರ್ಡ್ ಎಂದರೆ ದೋಣಿಯ ಹಿಂಬದಿಯ ಹಲಗೆಗೆ ಹೊರಗಿನಿಂದ ಸಿಕ್ಕಿಸುವ ಎಂಜಿನ್. ಮೇಲೆ ಸಿಲಿಂಡರುಗಳು, ಕೆಳಗೆ ನೀರಿನೊಳಗೆ ತಿರುಗುವ ಪಂಕ. ಇಲ್ಲಿ ನಾವು ನೋಡುತ್ತಿರುವುದು ಕಾರ್ಬ್ಯುರೇಟರ್ ಇರುವ, ಎರಡು ಸಿಲಿಂಡರಿನ, ಟೂ ಸ್ಟ್ರೋಕ್ ಬಗೆಯನ್ನು. ಇದರಲ್ಲಿ ದಂಡ ಒಮ್ಮೆ ಸುತ್ತಿದಾಗಲೆಲ್ಲ ಪ್ರತಿ ಸಿಲಿಂಡರಿನಲ್ಲೂ ಒಂದು ಕಿಡಿ ಹಾರುತ್ತದೆ. ನಿಮಿಷಕ್ಕೆ 5000 ಸುತ್ತಿನ ಓಟದಲ್ಲಿ ಸೆಕೆಂಡಿಗೆ ಸುಮಾರು 83 ಕಿಡಿ; 900 ಸುತ್ತಿನ ನಿಧಾನದಲ್ಲಿ ಕೇವಲ 15. ಓಟದಲ್ಲಿ ಒಂದೆರಡು ಕಿಡಿ ವ್ಯರ್ಥವಾದರೂ ತಿರುಗುವ ಚಕ್ರದ ಜಡತ್ವ ಅದನ್ನು ಮುಚ್ಚಿಬಿಡುತ್ತದೆ. ನಿಧಾನದಲ್ಲಿ ಆ ಆಸರೆ ಕಡಿಮೆ. ಜೊತೆಗೆ ಒಳಗೆ ಬರುವ ಹೊಸ ಮಿಶ್ರಣ ಸ್ವಲ್ಪವೇ. ಹಿಂದಿನ ಸುತ್ತಿನ ಹೊಗೆ ಸಿಲಿಂಡರಿನಲ್ಲಿ ಉಳಿದು ಅದರೊಡನೆ ಬೆರೆತಿರುತ್ತದೆ. ಇಂಥ ಕಲಬೆರಕೆಯನ್ನು ಹೊತ್ತಿಸುವುದು ಕಷ್ಟ. ನಿಧಾನದಲ್ಲಿ ಆಗೊಮ್ಮೆ ಈಗೊಮ್ಮೆ ಮಿಸ್ ಹೊಡೆಯುವುದು ಟೂ ಸ್ಟ್ರೋಕಿನ ಹುಟ್ಟುಗುಣ. ಅದು ಹೆಚ್ಚಿ ಎಂಜಿನ್ ನಡುಗತೊಡಗಿದರೆ ಅಥವಾ ಆರಿಹೋದರೆ ಮಾತ್ರ ರೋಗ.

ಬಹುಪಾಲು ಜನ ಮೊದಲು ಮಾಡುವ ಕೆಲಸ, ಸ್ಕ್ರೂಡ್ರೈವರ್ ಹಿಡಿದು ಸ್ಲೋ ಸ್ಕ್ರೂ ತಿರುಗಿಸುವುದು. ವೇಗ ಹೆಚ್ಚುತ್ತದೆ, ಎಂಜಿನ್ ಆರುವುದಿಲ್ಲ, ಎಲ್ಲರಿಗೂ ಸಮಾಧಾನ. ಇದು ಜ್ವರ ಬಂದವನ ಥರ್ಮಾಮೀಟರನ್ನು ತಣ್ಣೀರಿನಲ್ಲಿ ಅದ್ದಿದ ಹಾಗೆ. ಅಷ್ಟೇ ಅಲ್ಲ, ಹೆಚ್ಚಿದ ವೇಗದಲ್ಲಿ ಗೇರ್ ಹಾಕಿದಾಗಲೆಲ್ಲ ಗೇರಿನ ಹಲ್ಲುಗಳಿಗೆ ಪೆಟ್ಟು ಬೀಳುತ್ತದೆ.

ಮೊದಲು ಕೇಳಬೇಕಾದದ್ದು ಒಂದು ಪ್ರಶ್ನೆ: ತೊಂದರೆ ನಿಧಾನದಲ್ಲಿ ಮಾತ್ರವೇ, ಓಟದಲ್ಲೂ ಇದೆಯೇ? ಎರಡರಲ್ಲೂ ಇದ್ದರೆ ಟ್ಯಾಂಕಿನಿಂದ ಬರುವ ಇಂಧನವನ್ನೋ ಕಿಡಿಯನ್ನೋ ಅನುಮಾನಿಸಬೇಕು. ನಿಧಾನದಲ್ಲಿ ಮಾತ್ರ ಇದ್ದರೆ ಕಾರ್ಬ್ಯುರೇಟರಿನೊಳಗಿನ ನಿಧಾನಗತಿಯ ದಾರಿಯ ಮೇಲೆ ಕಣ್ಣಿಡಬೇಕು. ಆದರೂ ಕೆಲಸ ಆರಂಭಿಸುವುದು ಪ್ಲಗ್ಗಿನಿಂದಲೇ. ಅದನ್ನು ಬಿಚ್ಚಲು ಎರಡು ನಿಮಿಷ ಸಾಕು.

ಪ್ಲಗ್ಗಿನ ತುದಿ ತಿಳಿಗಂದು ಬಣ್ಣದಲ್ಲಿದ್ದರೆ ದಹನ ಸರಿಯಾಗಿದೆ. ಕಪ್ಪಾಗಿ ಒದ್ದೆಯಾಗಿದ್ದರೆ ಇಂಧನ ಅಥವಾ ಆಯಿಲ್ ಹೆಚ್ಚಾಗಿದೆ, ಇಲ್ಲವೇ ಕಿಡಿ ಹಾರುತ್ತಿಲ್ಲ. ಬೆಳ್ಳಗೆ ಸುಟ್ಟಂತಿದ್ದರೆ ಗಾಳಿ ಹೆಚ್ಚಾಗಿ ಇಂಧನ ಕಡಿಮೆಯಾಗಿದೆ. ಈಗ ಎರಡು ಪ್ಲಗ್ಗುಗಳನ್ನು ಅದಲುಬದಲು ಮಾಡಿ ನೋಡಿ. ತೊಂದರೆ ಪ್ಲಗ್ಗಿನೊಡನೆ ಆಚೆಯ ಸಿಲಿಂಡರಿಗೆ ಹೋದರೆ ದೋಷ ಪ್ಲಗ್ಗಿನದು. ಇದ್ದಲ್ಲೇ ಉಳಿದರೆ ಪ್ಲಗ್ ನಿರಪರಾಧಿ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎಂದು ಪ್ರಯೋಗಾಲಯದಲ್ಲಿ ನಿಮಗೆ ಹೇಳಿಕೊಡುತ್ತಾರಲ್ಲ, ಅದೇ ಇದು. ಪ್ಲಗ್ ಜೊತೆಗೆ ಆಯಿಲ್, ಸ್ಕ್ರೂ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಎಂಜಿನ್ ಸರಿಹೋಗಬಹುದು. ಏಕೆ ಸರಿಹೋಯಿತೆಂಬುದು ಯಾರಿಗೂ ತಿಳಿಯದು.

ಒಂದು ಎಚ್ಚರಿಕೆ. ದಡದಲ್ಲಿ ಎಂಜಿನ್ ಓಡಿಸಿ ನೋಡುವುದಾದರೆ ಕೆಳಭಾಗ ನೀರು ತುಂಬಿದ ಡ್ರಮ್ಮಿನೊಳಗೆ ಮುಳುಗಿರಬೇಕು. ಎಂಜಿನ್ನನ್ನು ತಂಪಾಗಿಡುವ ಪಂಪಿನ ರಬ್ಬರ್ ರೆಕ್ಕೆಗಳು ನೀರಿಲ್ಲದೆ ತಿರುಗಿದರೆ ಬಹಳ ಬೇಗ ಸುಟ್ಟುಹೋಗುತ್ತವೆ.

ಕರಾವಳಿಯ ಹಲವು ನಾಡದೋಣಿಗಳು ಸೀಮೆಎಣ್ಣೆಯಲ್ಲಿ ಓಡುತ್ತವೆ. ಒರಟು ಸ್ಲೋಗೆ ಇದೇ ಒಂದು ದೊಡ್ಡ ಕಾರಣ. ಪೆಟ್ರೋಲು ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಸೀಮೆಎಣ್ಣೆಗೆ 35-40 ಡಿಗ್ರಿಯ ಶಾಖವಾದರೂ ಬೇಕು. ಅದಕ್ಕಾಗಿಯೇ ಎಂಜಿನ್ನನ್ನು ಪೆಟ್ರೋಲಿನಲ್ಲಿ ಆರಂಭಿಸಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಾರೆ. ನಿಧಾನದಲ್ಲಿ ಉತ್ಪತ್ತಿಯಾಗುವ ಶಾಖ ಕಡಿಮೆ, ಸುತ್ತ ಹರಿಯುವುದು ಕಡಲಿನ ನೀರು. ಸಿಲಿಂಡರ್ ತಣ್ಣಗಾದಂತೆ ಸೀಮೆಎಣ್ಣೆ ಪೂರ್ತಿ ಆವಿಯಾಗದೆ ಹನಿಯಾಗಿ ಪ್ಲಗ್ಗಿಗೆ ಅಂಟುತ್ತದೆ. ಒದ್ದೆ ಪ್ಲಗ್ಗಿನಲ್ಲಿ ಕಿಡಿ ಹಾರದು. ಬಹುಹೊತ್ತು ಸ್ಲೋ ನಿಲ್ಲಿಸಬೇಕಾದಾಗ ಪೆಟ್ರೋಲಿಗೆ ಮರಳುವುದೇ ಇದಕ್ಕೆ ಉಪಾಯ. ದಡ ಸೇರುವ ಮುನ್ನವೂ ಕೆಲವು ನಿಮಿಷ ಪೆಟ್ರೋಲಿನಲ್ಲಿ ಓಡಿಸಿ ಆಮೇಲೆ ಆರಿಸಿದರೆ ಮರುದಿನದ ಆರಂಭಕ್ಕೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲೇ ಇರುತ್ತದೆ. ತಂಪು ನೀರನ್ನು ತಡೆಹಿಡಿಯುವ ಥರ್ಮೋಸ್ಟಾಟ್ ಇರುವ ಎಂಜಿನ್ನುಗಳಲ್ಲಿ ಅದು ತೆರೆದುಕೊಂಡೇ ಸಿಕ್ಕಿಬಿದ್ದರೂ ಇದೇ ಫಲ.

ಇನ್ನು ಕಾರ್ಬ್ಯುರೇಟರ್. ಓಟದ ಇಂಧನ ದೊಡ್ಡ ಜೆಟ್ಟಿನ ಮೂಲಕ ಬರುತ್ತದೆ. ನಿಧಾನಗತಿಯ ಇಂಧನಕ್ಕೆ ಬೇರೆಯೇ ಜೆಟ್. ಅದರ ರಂಧ್ರ ಒಂದು ಮಿಲಿಮೀಟರಿಗಿಂತ ಕಿರಿದು. ತಿಂಗಳುಗಟ್ಟಲೆ ನಿಂತ ಪೆಟ್ರೋಲು ಅಂಟಾಗಿ ಇಲ್ಲೇ ಕೂಡುತ್ತದೆ, ನೀರಿನ ಒಂದು ಹನಿಯೂ ಇಲ್ಲೇ ಸಿಕ್ಕಿಕೊಳ್ಳುತ್ತದೆ. ನೀರನ್ನು ಪತ್ತೆಹಚ್ಚುವುದು ಸುಲಭ. ಕಾರ್ಬ್ಯುರೇಟರಿನ ಬಟ್ಟಲಿನಲ್ಲಿರುವುದನ್ನು ಗಾಜಿನ ಶೀಶೆಗೆ ಇಳಿಸಿ ಐದು ನಿಮಿಷ ಬಿಡಿ. ನೀರು ಪೆಟ್ರೋಲಿಗಿಂತಲೂ ಸೀಮೆಎಣ್ಣೆಗಿಂತಲೂ ಭಾರ. ಇದ್ದರೆ ತಳದಲ್ಲಿ ಬೇರೆ ಪದರವಾಗಿ ಕಾಣುತ್ತದೆ. 2023ರಿಂದ ನಮ್ಮಲ್ಲಿ ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲು ಬಂದಿದೆ. ಎಥನಾಲ್ ನೀರನ್ನು ಹೀರುತ್ತದೆ. ನೀರು ಮಿತಿಮೀರಿದಾಗ ಎರಡೂ ಒಟ್ಟಿಗೆ ಪೆಟ್ರೋಲನ್ನು ಬಿಟ್ಟು ತಳಕ್ಕಿಳಿಯುತ್ತವೆ. ಉಪ್ಪುಗಾಳಿಯ ತೇವದಲ್ಲಿ ಮುಚ್ಚಳ ಸಡಿಲವಾದ ಟ್ಯಾಂಕನ್ನು ಬಿಟ್ಟಿರುವವರು ಇದನ್ನು ನೆನಪಿಡುವುದು ಒಳ್ಳೆಯದು.

ಜೆಟ್ಟನ್ನು ಬಿಚ್ಚುವ ಮುನ್ನ ಮಿಶ್ರಣದ ಸ್ಕ್ರೂವನ್ನು ಮೆಲ್ಲಗೆ ಒಳಕ್ಕೆ ತಿರುಗಿಸಿ ಎಷ್ಟು ಸುತ್ತಿಗೆ ಕೂರುತ್ತದೆಂದು ಎಣಿಸಿ ಬರೆದಿಡಬೇಕು. ಮರಳಿ ಜೋಡಿಸುವಾಗ ಅಷ್ಟೇ ಸುತ್ತು ಹೊರಕ್ಕೆ. ರಂಧ್ರವನ್ನು ಗಾಳಿಯಿಂದ ಊದಿ ತೆರೆಯಬೇಕು. ಸೂಜಿ ಚುಚ್ಚಿದರೆ ರಂಧ್ರ ಹಿಗ್ಗುತ್ತದೆ. ಹಿಗ್ಗಿದ ಜೆಟ್ಟಿಗೆ ಮದ್ದಿಲ್ಲ.

ಟ್ಯಾಂಕಿನ ಕೊಳವೆಯ ನಡುವೆ ಕೈಯಲ್ಲಿ ಹಿಚುಕುವ ರಬ್ಬರ್ ಬಲ್ಬು ಇರುತ್ತದಲ್ಲ, ಅದೂ ಒಂದು ಪರೀಕ್ಷಾ ಸಾಧನ. ಎಂಜಿನ್ ನಡುಗುತ್ತಿರುವಾಗ ಅದನ್ನು ಹಿಚುಕಿ. ಕೂಡಲೇ ಸದ್ದು ಸಮವಾದರೆ ಇಂಧನ ಸಾಕಷ್ಟು ಬರುತ್ತಿಲ್ಲ: ಪಂಪು ಸೋತಿದೆ ಅಥವಾ ಕೊಳವೆಯ ಜೋಡಣೆಯಲ್ಲಿ ಗಾಳಿ ನುಸುಳುತ್ತಿದೆ. ಹಿಚುಕಿದಾಗ ಇನ್ನಷ್ಟು ಮುಗ್ಗರಿಸಿದರೆ ಇಂಧನ ಮೊದಲೇ ಹೆಚ್ಚಾಗಿದೆ. ಈ ಸದ್ದಿನ ವ್ಯತ್ಯಾಸವನ್ನು ಪರದೆಯ ಮೇಲೆ ಎರಡೇ ಸೆಕೆಂಡಿನಲ್ಲಿ ಕೇಳಿಸಬಹುದು. ಕಾಗದಕ್ಕೆ ಆ ಭಾಗ್ಯವಿಲ್ಲ.

ಇಷ್ಟಾದರೂ ಒಂದು ಸಿಲಿಂಡರ್ ಸೊರಗಿದ್ದರೆ ಒತ್ತಡದ ಗೇಜನ್ನು ಪ್ಲಗ್ಗಿನ ಜಾಗಕ್ಕೆ ಸಿಕ್ಕಿಸಿ ಎರಡನ್ನೂ ಹೋಲಿಸಿ ನೋಡಬೇಕು. ಅಂಕಿಗಳು ಹತ್ತಿರ ಹತ್ತಿರ ಇರಬೇಕು. ಒಂದು ಬಹಳ ಕಡಿಮೆ ಇದ್ದರೆ ಪಿಸ್ಟನ್ ರಿಂಗು ಸವೆದಿದೆ ಅಥವಾ ಮಸಿ ಕಟ್ಟಿ ಅಂಟಿದೆ. ಅದು ದಡದಲ್ಲಿ ಆಗುವ ಕೆಲಸವಲ್ಲ, ಎಂಜಿನ್ ಬಿಚ್ಚಲೇಬೇಕು.

ಯಾವ ರಿಪೇರಿಯೇ ಆಗಲಿ, ಕೊನೆಯ ಪರೀಕ್ಷೆ ನದಿಯ ಒಳಗಿನ ಶಾಂತ ನೀರಿನಲ್ಲಿ, ಗೇರ್ ಹಾಕಿಯೇ ಆಗಬೇಕು. ಪಂಕದ ಭಾರ ಬಿದ್ದಾಗಲೇ ಸ್ಲೋದ ನಿಜಸ್ಥಿತಿ ತಿಳಿಯುವುದು. ಹತ್ತು ನಿಮಿಷವಾದರೂ ಹಾಗೆಯೇ ಬಿಡಿ. ಪ್ಲಗ್ ಒದ್ದೆಯಾಗಲು ಅಷ್ಟು ಹೊತ್ತು ಬೇಕಾಗುತ್ತದೆ.